ಎಳೆ ಬಿಚ್ಚದ ಅಂಚು

ಬಳ್ಳಾರಿಯಲ್ಲಿ ಫ್ಲೀಸ್ ಬಟ್ಟೆ ಕೊಳ್ಳುವವಳನ್ನು ಜನ ಒಮ್ಮೆ ತಿರುಗಿ ನೋಡುತ್ತಾರೆ. ಕಲ್ಲುಬಂಡೆಯೂ ಬೆವರುವಂಥ ನಮ್ಮೂರಿನಲ್ಲಿ, ಕುರಿಮರಿಯ ಮೈಯಂತೆ ಮೆತ್ತಗಿರುವ, ಕೈಯಿಟ್ಟರೇ ಬೆಚ್ಚಗಾಗುವ ಈ ಬಟ್ಟೆಗೇನು ಕೆಲಸ ಎಂದು ನೀವೂ ಕೇಳಬಹುದು. ಅಂಗಡಿಯವನಂತೂ ಕೇಳಿಯೇಬಿಟ್ಟ: "ಕಾಶ್ಮೀರಕ್ಕ ಹೊಂಟೀರೇನ್ರಿ ಅಕ್ಕಾರ?" "ಸಿರುಗುಪ್ಪಕ್ಕ," ಎಂದೆ. ಅವನು ನಕ್ಕ, ನನಗೆ ನಗು ಬರಲಿಲ್ಲ.

ಸಿರುಗುಪ್ಪದಲ್ಲಿ ನನ್ನ ಅಕ್ಕ ಇದ್ದಾಳೆ. ಪುಷ್ಯಮಾಸದ ಬೆಳಗಿನಲ್ಲಿ ಕಾಲುವೆ ಕಡೆಯಿಂದ ಬೀಸುವ ಗಾಳಿಗೆ ಅವಳ ಭುಜ ಹಿಡಿದುಕೊಳ್ಳುತ್ತದೆ, ಹೊದೆಯಲು ಕೌದಿ ಭಾರ ಎನ್ನುತ್ತಾಳೆ ಎಂದು ಅವಳ ಮಗಳು ಫೋನಿನಲ್ಲಿ ಹೇಳಿದಳು. ಅಕ್ಕ ತಾನಾಗಿ ನನಗೇನೂ ಹೇಳುವುದಿಲ್ಲ. ಮದುವೆಮನೆಯಲ್ಲಿ ಎದುರಾದರೆ "ಊಟ ಆತೇನು?" ಎನ್ನುತ್ತಾಳೆ, ಅಷ್ಟೆ. ಮೂರು ವರ್ಷದಿಂದ ನಾನು ಅವಳ ಬೈಗುಳಕ್ಕೂ ಹಂಬಲಿಸುತ್ತಿದ್ದೇನೆ.

ತಪ್ಪು ನನ್ನದೇ. ಪಾರ್ವತಿನಗರದ ಈ ಪಡಸಾಲೆಯಲ್ಲಿ ಕುಳಿತು ಇಪ್ಪತ್ತು ವರ್ಷ ಜೀನ್ಸ್ ಪ್ಯಾಂಟುಗಳಿಗೆ ಓವರ್‌ಲಾಕ್ ಹೊಡೆದವಳು ನಾನು. ಆ ಮಿಷನ್ನಿನ ಸೂಜಿಯ ಪಕ್ಕದಲ್ಲೊಂದು ಪುಟ್ಟ ಕತ್ತಿ ಇರುತ್ತದೆ. ಎಳೆ ಬಿಚ್ಚಿದ ಅಂಚನ್ನು ಅದು ಮೊದಲು ಕತ್ತರಿಸುತ್ತದೆ, ಹಿಂದೆಯೇ ದಾರ ಸುತ್ತಿಕೊಂಡು ಬರುತ್ತದೆ. ಅವ್ವ ತೀರಿಕೊಂಡ ಮೇಲೆ ಕುರುಗೋಡಿನ ಮನೆಯಿಂದ ನಾವಿಬ್ಬರೂ ತಂದದ್ದು ಅವಳು ಕೈಯಲ್ಲಿ ಹೊಲಿದ ಒಂದೇ ಒಂದು ಕೌದಿ. ಆರು ತಿಂಗಳು ಅಕ್ಕನಲ್ಲಿ, ಆರು ತಿಂಗಳು ನನ್ನಲ್ಲಿ ಎಂದು ಮಾತಾಗಿತ್ತು. ನನ್ನ ಸರದಿಯಲ್ಲಿ ಅದರ ಸವೆದ ಅಂಚು ಕಣ್ಣಿಗೆ ಬಿತ್ತು. ಅಕ್ಕ ಮೆಚ್ಚಲಿ ಎಂದು ನಾಲ್ಕೂ ಬದಿಯನ್ನು ಮಿಷನ್ನಿಗೆ ಕೊಟ್ಟೆ. ಕೊನೆಯ ಮೂಲೆಗೆ ಬಂದಾಗ ಐದು ಜೋಳದ ಕಾಳು ನೆಲಕ್ಕುದುರಿದವು. ಹೊದ್ದವರ ಹೊಟ್ಟೆ ತುಂಬಿರಲಿ ಎಂದು ಅವ್ವ ಕೌದಿ ಮುಚ್ಚುವ ಮುನ್ನ ಮೂಲೆಯಲ್ಲಿಡುತ್ತಿದ್ದ ಕಾಳುಗಳವು.

ತನ್ನ ಸರದಿಗೆ ಬಂದ ಅಕ್ಕ ಆ ನೀಟಾದ ಅಂಚಿನ ಮೇಲೆ, ಕಾಳಿಲ್ಲದ ಮೂಲೆಯ ಮೇಲೆ ಬೆರಳಾಡಿಸಿದಳು. "ಅವ್ವನ ಕೈ ಇತ್ತಲ್ಲಲೇ ಇದ್ರಾಗ. ಕತ್ತರಿಸಿ ಒಗದ್ಯಲ್ಲ," ಎಂದವಳು ಕೌದಿಯನ್ನು ಇಲ್ಲಿಯೇ ಬಿಟ್ಟು ಬಸ್ಸು ಹತ್ತಿದಳು.

ಈಗ ಈ ಫ್ಲೀಸು. ಚಟ ಬಿಡುತ್ತದೆಯೇ, ಒಂದು ತುಂಡಿಗೆ ಓವರ್‌ಲಾಕ್ ಹೊಡೆದು ನೋಡಿದೆ. ಅಂಚು ಎಳೆದುಕೊಂಡು ಸುಟ್ಟ ಹಪ್ಪಳದಂತೆ ಅಲೆಯಲೆಯಾಯಿತು. ಆಮೇಲೆ ಗಮನಿಸಿದೆ, ಈ ಬಟ್ಟೆಗೆ ಎಳೆ ಬಿಚ್ಚುವ ಸ್ವಭಾವವೇ ಇಲ್ಲ. ಕತ್ತರಿಸಿ ವಾರವಾದರೂ ಅದರ ಅಂಚು ಹಾಗೆಯೇ ಇದೆ. ಜೀವಮಾನವಿಡೀ ಬಿಚ್ಚಿಹೋಗುವ ಭಯದಲ್ಲೇ ಅಂಚು ಕಟ್ಟಿದವಳಿಗೆ, ಕೆಲವನ್ನು ಸುಮ್ಮನೆ ಬಿಟ್ಟರೂ ನಿಲ್ಲುತ್ತವೆ ಎಂಬುದು ಎಷ್ಟು ತಡವಾಗಿ ತಿಳಿಯಿತು, ನೋಡಿ. ಅವ್ವನ ಕೌದಿಯ ಅಂಚೂ ಸವೆದಿತ್ತೇ ಹೊರತು ಬಿಚ್ಚಿರಲಿಲ್ಲ. ನಾನೇ ಅವಸರಪಟ್ಟೆ.

ಆದರೂ ಬರಿಯ ಅಂಚಿನ ಹೊದಿಕೆ ಕೊಡಲು ಮನಸ್ಸಾಗಲಿಲ್ಲ. ಅವ್ವ ಹಾಕುತ್ತಿದ್ದ ಹೊಲಿಗೆಯನ್ನೇ ಉಣ್ಣೆ ದಾರದಲ್ಲಿ ಹಾಕತೊಡಗಿದೆ. ಮೂಲೆಯವರೆಗೆ ಬಂತು, ಅಲ್ಲಿ ಅವಳು ಸೂಜಿಯನ್ನು ಹೇಗೆ ತಿರುಗಿಸುತ್ತಿದ್ದಳೋ ನೆನಪಾಗಲಿಲ್ಲ. ಅದನ್ನು ಕಲಿತವಳು ಅಕ್ಕ ಒಬ್ಬಳೇ. ಎರಡು ದಿನ ಫೋನು ಹಿಡಿದು ಕೆಳಗಿಟ್ಟೆ. ಮೂರನೆಯ ದಿನ ಮಾಡಿಯೇಬಿಟ್ಟೆ.

"ಅಕ್ಕಾ, ನಿನಗೊಂದು ಹೊದಿಕಿ ಹೊಲ್ಯಾಕತ್ತೀನಿ. ಅವ್ವ ಮೂಲಿ ಹೆಂಗ ತಿರುಗಸ್ತಿದ್ಲು?"

ಅಕ್ಕ ಕೇಳಿದಳು: "ಆ ಕಾಳು ಅದಾವೇನು?"

"ಅದಾವು. ಸೂಜಿ ಡಬ್ಬಿಯಾಗ ಇಟ್ಟೀನಿ."

"ಫೋನಿನಾಗ ಹೇಳಾಕ ಬರಂಗಿಲ್ಲ ಅದು. ಮಿಷನ್ನಿಗೆ ಹಚ್ಚಬ್ಯಾಡ. ಹಂಗ ತಗೊಂಡು ಬಾ."

ಫ್ಲೀಸನ್ನು ಮಡಿಸಿ ಚೀಲದಲ್ಲಿಟ್ಟಿದ್ದೇನೆ, ಪಕ್ಕದಲ್ಲಿ ಸೂಜಿ ಡಬ್ಬಿ. ಮೂರು ಬದಿ, ನಾಲ್ಕೂ ಮೂಲೆ ಇನ್ನೂ ಹಾಗೆಯೇ ಇವೆ. ಬಸ್ಸು ನಾಳೆ ಬೆಳಿಗ್ಗೆ.