ಭದ್ರವಾಗಿಟ್ಟ ಕಾರ್ಡು

ಜೀತದಾಳುಗಳ ಸಮೀಕ್ಷೆಗೆಂದು ಮರಾಠಿ ನಾಡಿನ ಕನ್ಹಾನ್ ಬಳಿಯ ಇಟ್ಟಿಗೆ ಭಟ್ಟಿಗೆ ಹೋಗಿದ್ದೆ. ಅಲ್ಲಿ ದುಡಿಯುವ ಕಲಬುರಗಿ ಕಡೆಯ ಶಾಂತವ್ವ ನನ್ನ ಹಿಂದಿ ಕೇಳಿ ನಕ್ಕು, ಕನ್ನಡದಲ್ಲೇ ಮಾತಿಗಿಳಿದರು.

"ನಿಮ್ಮ ಆಧಾರ್ ಕಾರ್ಡು ಯಾರ ಹತ್ತಿರ ಇದೆ?"

"ಮಾಲಕರು ಇಟ್ಕೊಂಡಾರ್ರಿ, ಭದ್ರ ಇರ್ಲಿ ಅಂತ. ಅದಿಲ್ದ ಊರಿಗೆ ಹೆಂಗ ಹೋಗೂದ್ರಿ?"

"ಹಾಗೆ ಇಟ್ಟುಕೊಳ್ಳೋದು ತಪ್ಪು," ಎಂದು ಗಂಭೀರವಾಗಿ ಬರೆದುಕೊಂಡೆ.

"ಹೌದೇನ್ರಿ? ನಿಮ್ಮನಿ ಕೆಲಸದಾಕಿ ಕಾರ್ಡು ಯಾರ ಹಂತೇಕ ಐತ್ರಿ, ಅಕ್ಕಾರ?"

ಅವಳ ಕಾರ್ಡು ಪ್ರತಾಪ ನಗರದ ನಮ್ಮ ಮನೆಯ ಕಪಾಟಿನಲ್ಲಿತ್ತು, ಬಹಳ ಭದ್ರವಾಗಿ.

ಮಾಲೀಕನೊಡನೆ ವಾದ ಮಾಡಿ ಅಂದೇ ಎಲ್ಲರ ಕಾರ್ಡು ಕೊಡಿಸಿದೆ. ಮನೆಗೆ ಬಂದು ಕೆಲಸದ ಸುನಂದಾಳ ಕಾರ್ಡನ್ನೂ ಅವಳ ಕೈಗಿಟ್ಟೆ. ಅವಳು ಗಾಬರಿಯಾಗಿ, ಕೆಲಸದಿಂದ ಬಿಡಿಸುತ್ತಿದ್ದೀರಾ, ನನ್ನಿಂದೇನು ತಪ್ಪಾಯಿತು ಎಂದು ಮರಾಠಿಯಲ್ಲಿ ಕೇಳಿದಳು.

ತಪ್ಪು ನನ್ನದೇ ಎನ್ನಲು ನನ್ನ ಹತ್ತು ವರ್ಷದ ಮರಾಠಿ ಯಾಕೋ ಸಾಲಲಿಲ್ಲ.