ಅಣ್ಣನ ಕೈಯ ಕತ್ತರಿ

ಕರಲಾಘವದಲ್ಲಿ ನಿಪುಣನೂ, ಬಂಧುಗಳಲ್ಲಿ ವತ್ಸಲನೂ, ಹಿರಿಯರಲ್ಲಿ ವಿನೀತನೂ, ಉಳ್ಳವನ ತಲೆಯನ್ನೂ ಇಲ್ಲದವನ ತಲೆಯನ್ನೂ ಒಂದೇ ಆದರದಿಂದ ಹಿಡಿಯುವವನೂ, ಬೆಳಗಿನ ಪ್ರಾರ್ಥನೆಯಾಗದೆ ಕತ್ತರಿಯನ್ನು ಮುಟ್ಟದವನೂ, ಮೌನವೊಂದನ್ನು ಬಿಟ್ಟು ಸಕಲ ಸದ್ಗುಣಗಳಿಂದಲೂ ಶೋಭಿತನೂ ಆದ ಆ ಕ್ಷೌರಿಕನನ್ನು ಬೀದಿಯವರೆಲ್ಲರೂ ‘ರೇಡಿಯೋ’ ಎಂದೇ ಕರೆಯುತ್ತಿದ್ದರು.

ಅಂಗಡಿಯ ಬಾಗಿಲು ತೆರೆದಾಗ ಮೊದಲಾದ ಅವನ ಮಾತು ಬಾಗಿಲೆಳೆಯುವವರೆಗೂ ನಿಲ್ಲುತ್ತಿರಲಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿ, ಬಾಯಿಯ ಸುತ್ತ ನೊರೆ ಬಳಿದು, ಗಂಟಲ ಮೇಲೆ ಕತ್ತಿಯಾಡಿಸುತ್ತ ಅವನು ಹೇಳಿದ್ದನ್ನು ಅಲ್ಲಗಳೆದವರು ಯಾರೂ ಇರಲಿಲ್ಲ. ಅಲ್ಲಗಳೆಯುವ ಧೈರ್ಯವಾದರೂ ಯಾರಿಗಿದ್ದೀತು? ಹೀಗೆ ವರ್ಷಗಟ್ಟಲೆ ಬಾಳಿದವನಿಗೆ, ಕೇಳುವವನು ಸುಮ್ಮನಿದ್ದರೆ ಒಪ್ಪಿದನೆಂದೇ ಎಣಿಸುವ ಅಭ್ಯಾಸ ಬೇರೂರಿತ್ತು.

ಅವನ ಅಣ್ಣ ಬಸ್ಸಿನ ಚಾಲಕ. ಮದುವೆಯಾಗದೆ, ತಂದೆಯಿಲ್ಲದ ತಮ್ಮನನ್ನು ಹೆಗಲ ಮೇಲಿಟ್ಟು ಬೆಳೆಸಿದವನು. ಅಂಥವನ ಬಲಗಣ್ಣಿಗೆ ಮಬ್ಬು ಕವಿಯಿತು. ನೋಟ ಮರಳಲಾರದೆಂದು ವೈದ್ಯರು ಕೈಚೆಲ್ಲಿದರು, ಕೆಲಸ ಹೋಯಿತು. ಅಂದಿನಿಂದ ಅವನು ಕಿಟಕಿಯ ಪರದೆ ಎಳೆದುಕೊಂಡು, ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದವನು ಏಳಲೊಲ್ಲ. ಊಟದ ತಟ್ಟೆ ಅರ್ಧಕ್ಕರ್ಧ ಹಾಗೆಯೇ ಮರಳುತ್ತಿತ್ತು. ಅಣ್ಣ ಹೀಗೆಯೇ ಕೈಜಾರಿ ಹೋದಾನೆಂಬ ಭಯ ಮನೆಯನ್ನೆಲ್ಲ ಹಿಡಿದಿತ್ತು.

ಸಂಜೆಯಾದರೆ ರೇಡಿಯೋ ಸ್ಟೂಲು ಎಳೆದುಕೊಂಡು ಮಂಚದ ಬಳಿ ಕೂರುವನು.

“ಅಣ್ಣಾ, ಒಂದು ಕಣ್ಣು ಹೋದ್ರೇನಂತೆ? ನೋಡಬಾರದ್ದೇ ಜಾಸ್ತಿ ಇರೋ ಲೋಕ ಇದು. ಅರ್ಧ ಕಂಡ್ರೆ ಸಾಕಪ್ಪ!”

ಅಣ್ಣ ತುಟಿ ಬಿಚ್ಚುತ್ತಿರಲಿಲ್ಲ. ರೇಡಿಯೋ ಹೊರಬಂದು ಹೆಂಡತಿಗೆ ಪಿಸುಗುಟ್ಟುವನು: “ಇವತ್ತು ಒಪ್ಕೊಂಡ ಕಣೇ.”

ಒಂದು ದಿನ ಆಕೆಗೆ ತಡೆಯಲಾಗಲಿಲ್ಲ. “ಒಪ್ಕೊಂಡ್ರೋ, ಸುಸ್ತಾದ್ರೋ? ಅಂಗಡೀಲಿ ಗಿರಾಕಿ ಬಾಯಿಗೆ ನೊರೆ ಬಳೀತೀರಿ, ಮನೇಲಿ ಭಾವನ ಕಿವಿಗೆ ಬಳೀತೀರಿ. ಅವರು ಏನಾದ್ರೂ ಹೇಳೋಕೆ ಒಂದು ಸಂದು ಬಿಟ್ಟಿದ್ದೀರಾ?”

ಆ ಮಾತು ರೇಡಿಯೋನ ಎದೆಗೆ ನೇರವಾಗಿ ತಾಕಿತು.

ಅಂಗಡಿಗೆ ರಜೆಯಿದ್ದ ದಿನ ಬಟ್ಟೆ, ಬಾಚಣಿಗೆ, ಕತ್ತರಿಗಳೊಡನೆ ಅವನು ಒಳಕೋಣೆಗೆ ಬಂದ.

“ನನಗೇನೂ ಬೇಡ, ಹೋಗೋ” ಎಂದ ಅಣ್ಣ, ಗೋಡೆಯ ಕಡೆಯಿಂದಲೇ.

“ನಿನಗಲ್ಲ, ನನಗೆ. ಬೀದಿ ತಲೆಯೆಲ್ಲ ನನ್ನ ಕೈಲಿ, ನನ್ನ ತಲೆಗೆ ಯಾರು ಗತಿ? ಚಿಕ್ಕವನಿದ್ದಾಗ ನೀನೇ ತಾನೆ ಕತ್ತರಿಸ್ತಿದ್ದಿದ್ದು?”

“ಕಣ್ಣು ಕಾಣಲ್ಲ ಕಣೋ. ಕಿವಿ ಹೋಗುತ್ತೆ ಅಷ್ಟೇ.”

“ಹೋಗ್ಲಿ ಬಿಡಣ್ಣ. ಇಷ್ಟು ದಿನ ಯಾವ ಕೆಲಸಕ್ಕೆ ಬಂದಿದೆ ಅದು?”

ಅಣ್ಣ ಹೊರಳಿ, ತಮ್ಮನ ಮುಖವನ್ನು ನೋಡಿದ. ಆಮೇಲೆ ಎದ್ದು, ಬೆಳಕು ಸಾಲದೆಂದು ತಾನೇ ಪರದೆಯನ್ನು ಸರಿಸಿದ.

ಕಿವಿಯ ಪಕ್ಕದಲ್ಲೇ ಕತ್ತರಿ ಆಡುತ್ತಿರಲು ರೇಡಿಯೋ ಅಲುಗುವಂತಿಲ್ಲ, ಮಾತನಾಡುವಂತಿಲ್ಲ. ಗಿರಾಕಿಗಳ ಪಾಡೇನೆಂಬುದು ಅವನಿಗೆ ಆಗ ತಿಳಿಯಿತು. ನಾಲಗೆಯ ತುರಿಕೆಯನ್ನು ಹಲ್ಲುಕಚ್ಚಿ ತಡೆದು ಕುಳಿತ.

“ಕೆಲಸ ಹೋಯ್ತು ಅಂತ ಅಲ್ಲ ಕಣೋ” ಎಂದಿತು ಬೆನ್ನ ಹಿಂದಿನ ದನಿ. “ಕೊನೇ ದಿನ ಬಸ್‌ನಿಲ್ದಾಣದ ಹತ್ರ ಒಬ್ಬ ಅಜ್ಜಿ ಅಡ್ಡ ಬಂದ್ಲು. ನನಗೆ ಕಾಣಲೇ ಇಲ್ಲ. ಯಾರೋ ಕೂಗಿದ್ರು, ಬ್ರೇಕ್ ಒತ್ತಿದೆ. ಅವಳು ನನಗೆ ಚೆನ್ನಾಗಿ ಬೈದು ಹೊರಟುಹೋದ್ಲು. ಆದ್ರೆ ಕಣ್ಣು ಮುಚ್ಚಿದ್ರೆ ಸಾಕು, ಬಂದು ನಿಲ್ತಾಳೆ. ಅವತ್ತು ಯಾರೂ ಕೂಗದೇ ಇದ್ದಿದ್ರೆ?”

‘ಏನೂ ಆಗಲಿಲ್ಲವಲ್ಲ, ಬಿಡು’ ಎಂಬ ಸಿದ್ಧ ಸಮಾಧಾನ ರೇಡಿಯೋನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ಹೊದಿಸಿದ ಬಟ್ಟೆಯ ಅಡಿಯಿಂದ ಕೈಚಾಚಿ, ಬಾಚಣಿಗೆ ಹಿಡಿದಿದ್ದ ಅಣ್ಣನ ಮಣಿಕಟ್ಟನ್ನು ಹಿಡಿದ.

“ಇಷ್ಟು ದಿನ ಒಬ್ಬನೇ ಹೊತ್ಕೊಂಡಿದ್ಯಾ ಅಣ್ಣಾ?”

ಕತ್ತರಿಯ ಸದ್ದು ನಿಂತಿತು. ಅಣ್ಣ ತಮ್ಮನ ಭುಜದ ಮೇಲೆ ಹಣೆಯಿಟ್ಟು, ಮನದಣಿಯೆ ಅತ್ತ. ಹಿಡಿದ ಕೈಯನ್ನು ತಮ್ಮ ಬಿಡಲಿಲ್ಲ; ಒಂದು ಮಾತನ್ನೂ ಆಡಲಿಲ್ಲ.

ಕೆಲಸ ಮುಗಿದ ಮೇಲೆ ಕನ್ನಡಿ ತಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. “ಅಯ್ಯೋ ದೇವರೇ! ಏನ್ ಭಾವ, ಇಲಿ ಕಡಿದ ಹಾಗೆ ಮಾಡಿಟ್ಟಿದ್ದೀರಿ!”

ಅಣ್ಣ ನಕ್ಕ. ಬಹುಕಾಲ ಮುಚ್ಚಿದ್ದ ಬಾಗಿಲಿನಂತೆ ಕಿರುಗುಟ್ಟಿದ ನಗೆಯಾದರೂ ಅದು ನಗೆಯೇ.

ಮರುದಿನ ಅಂಗಡಿಯಲ್ಲಿ ರೇಡಿಯೋನ ತಲೆ ಕಂಡ ಗಿರಾಕಿಗಳು ಅವನನ್ನು ಬಿಟ್ಟಾರೆಯೇ? “ಯಾರಪ್ಪ ಈ ಕಲಾವಿದ?” ಎಂದರು. “ನಮ್ಮಣ್ಣ” ಎಂದು ತಲೆಯೆತ್ತಿ ನುಡಿದು ರೇಡಿಯೋ ಸುಮ್ಮನಾದ. ಅಷ್ಟಕ್ಕೇ ಸುಮ್ಮನಾದುದನ್ನು ಕಂಡು, ಇವನಿಗೆ ಜ್ವರ ಬಂದಿದೆಯೆಂದೇ ಅವರು ಭಾವಿಸಿದರು.

ಅಣ್ಣನ ದುಃಖ ಒಂದೇ ದಿನದಲ್ಲಿ ಕರಗಲಿಲ್ಲ. ಕೆಲವು ದಿನ ಪರದೆ ಮತ್ತೆ ಮುಚ್ಚಿರುತ್ತಿತ್ತು. ಅಂಥ ದಿನಗಳಲ್ಲಿ ತಮ್ಮನು ಸ್ಟೂಲು ಎಳೆದುಕೊಂಡು, ಬಾಯಿ ಹೊಲಿದುಕೊಂಡವನಂತೆ ಕೂರುವನು. ಅಣ್ಣನಿಗೆ ಹೇಳಬೇಕೆನಿಸಿದರೆ ಹೇಳುವನು, ಇಲ್ಲವಾದರೆ ಇಲ್ಲ. ಹೀಗಿರಲು ಒಂದು ಮುಂಜಾನೆ ಅಣ್ಣ ತಾನಾಗಿ ನಡೆದು ಅಂಗಡಿಯ ಹೊಸ್ತಿಲಿಗೆ ಬಂದು ನಿಂತ.

“ಹಿಂದುಗಡೆ ಒಂದು ಕುಚ್ಚು ಉಳಿದುಹೋಗಿದೆ ಕಣೋ. ಅವತ್ತಿಂದ ಕಾಣ್ತಾನೇ ಇದೆ. ಕೂತ್ಕೋ, ಸರಿ ಮಾಡ್ತೀನಿ.”

ಕಾದಿದ್ದ ಗಿರಾಕಿಗಳ ಎದುರಿಗೇ ರೇಡಿಯೋ ತನ್ನ ಕುರ್ಚಿಯಲ್ಲಿ ಕುಳಿತು, ಕುತ್ತಿಗೆಗೆ ತಾನೇ ಬಟ್ಟೆ ಸುತ್ತಿಕೊಂಡ.

ಆ ತಮ್ಮನ ಕಿವಿಗೆ ತಾಳ್ಮೆಯನ್ನೂ, ಅಣ್ಣನ ಉಳಿದ ಕಣ್ಣಿಗೆ ನಿರ್ಮಲವಾದ ಬೆಳಕನ್ನೂ, ದಿಟವನ್ನು ಅಂಜದೆ ನುಡಿದ ಆ ಗೃಹಿಣಿಗೆ ನಿಡಿದಾದ ಸೌಖ್ಯವನ್ನೂ ಭಗವಂತನು ಕರುಣಿಸಲಿ. ಆ ಮನೆಯ ಒಳಕೋಣೆಯ ಕಿಟಕಿಗೆ ಬೆಳಗಿನ ಬಿಸಿಲು ಎಂದೆಂದಿಗೂ ತಪ್ಪದಿರಲಿ.