ರೊಟ್ಟಿಯ ಜೊತೆಗಿನ ಮಾತ್ರೆ

ಶಲವಡಿಯಿಂದ ಡಯಾಲಿಸಿಸ್‌ಗೆ ಬರುತ್ತಿದ್ದ ಆ ಅಜ್ಜ, ಮಲಗುವ ಮೊದಲು ರುಮಾಲು ಬಿಚ್ಚಿ ಮಂಚದ ಕಂಬಿಗೆ ತೊಡಿಸುತ್ತಿದ್ದರು. ಹೇಗಿದ್ದೀರಿ ಎಂದು ಕೇಳಿದರೆ ಯಾವಾಗಲೂ ಒಂದೇ ಮಾತು: ‘ಅಗದಿ ಆರಾಮ ಅದೀನಿ, ಡಾಕ್ಟ್ರವ್ವಾ.’ ನಾನು ಬರೀ ಟೆಕ್ನಿಷಿಯನ್. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನೇ ಆದ್ದರಿಂದ ಆ ಬಡ್ತಿಯನ್ನು ತಿದ್ದಲು ಹೋಗಲಿಲ್ಲ.

ಆದರೆ ರಕ್ತದ ವರದಿ ಆರಾಮವಿರಲಿಲ್ಲ. ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತಲೇ ಇತ್ತು. ಹೀಗೇ ಆದರೆ ಎಲುಬು ಸವೆಯುತ್ತದೆ, ಹೃದಯಕ್ಕೆ ಪೆಟ್ಟು, ಜೀವಕ್ಕೇ ಅಪಾಯ ಎಂದರು ಡಾಕ್ಟರು.

‘ಅಜ್ಜಾರ, ಊಟದ ಮಾತ್ರಿ ತಗೋತೀರಿಲ್ಲೋ?’ ಎಂದು ಕೇಳಿದೆ.

‘ಒಂದೂ ಬಿಟ್ಟಿಲ್ಲವಾ. ಮುಂಜಾನೆ ಲಿಂಗಪೂಜಿ ಮುಗಿಸಿ, ಎಲ್ಲಾ ಕೂಡೇ ಬರೇ ಹೊಟ್ಟೀಲೆ ನುಂಗತೀನಿ. ಎಂಜಲ ಬಾಯೀಲೆ ಔಷಧ ತಗೊಂಡ್ರ ಹತ್ತತೈತೇನು?’

ಆ ಮಾತ್ರೆ ಊಟದಲ್ಲಿರುವ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಹಿಡಿದು ಹೊರಹಾಕುವಂಥದ್ದು; ರಂಜಕ ರಕ್ತದಲ್ಲಿ ಉಳಿದರೆ ಆ ಹಾರ್ಮೋನು ಏರುತ್ತದೆ. ಬರಿ ಹೊಟ್ಟೆಯಲ್ಲಿ ಅದು ಹಿಡಿಯುವುದಾದರೂ ಏನನ್ನು?

‘ತುತ್ತಿನ ಜೋಡಿನ ತಗೋಬೇಕ್ರಿ. ರೊಟ್ಟಿ ಇಲ್ಲಂದ್ರ ಅದಕ್ಕ ಕೆಲಸಿಲ್ಲ,’ ಎಂದೆ. ‘ಎಂಜಲ ಬಾಯೀಲೆ ತಗೊಂಡ್ರ ದೇವ್ರು ಏನಂದಾನವಾ?’ ಎನ್ನುತ್ತ ಅಜ್ಜ ಮಲಗಿದರು.

ಮುಂದಿನ ವರದಿಯಲ್ಲಿ ಹಾರ್ಮೋನು ಇಳಿದಿತ್ತು. ‘ಎಂಜಲ ಬಾಯಿಗಿ ದೇವ್ರು ಏನಂದಾನ್ರಿ?’ ಎಂದು ಕೇಳಿದೆ.

‘ಅವಗ ಮೊದ್ಲ ಹೇಳೇನಿ,’ ಎಂದರು ಅಜ್ಜ, ರುಮಾಲು ಬಿಚ್ಚುತ್ತ. ‘ಇದು ಔಷಧ ಅಲ್ಲಪಾ, ರೊಟ್ಟಿಗಿ ನಂಜಿಕೊಳ್ಳಾಕ.’